ಸುಣ್ಣ ಕಟ್ಟುವ ಪಾಚಿ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಮೇಲೆ ಸುರಿದ ಮಳೆ ಎರಡು ದಿಕ್ಕಿಗೆ ಒಡೆದು ಹರಿಯುತ್ತದೆ. ಬಡಗಣ ಇಳುಕಲಿನ ನೀರು ಚುಳಕಿ ನಾಲೆ, ಕಾರಂಜಾಗಳ ಜಾಡು ಹಿಡಿದು ಮಾಂಜ್ರಾ ನದಿ ಸೇರಿ ಗೋದಾವರಿಯ ಪಾಲಾಗುತ್ತದೆ. ತೆಂಕಣದ್ದು ಮುಲ್ಲಾಮಾರಿಯಾಗಿ, ಕಾಗಿಣಾ, ಭೀಮಾ ದಾಟಿ ಕೃಷ್ಣೆಗೆ ಹೋಗುತ್ತದೆ. ಹೀಗೆ ನೆತ್ತಿಯ ಮೇಲೆ ಕುಳಿತ ನೆಲದಲ್ಲಿ ದೊಡ್ಡ ಹೊಳೆ ಇರುವುದಿಲ್ಲ. ಇರುವುದು ಕೆರೆ, ಬಾವಿ, ಕಲ್ಲು ತೆಗೆದು ಬಿಟ್ಟ ಹೊಂಡ, ಅಣೆಕಟ್ಟಿನ ಹಿನ್ನೀರು, ಮಳೆಗಾಲ ಮುಗಿದ ಮೇಲೂ ಕೆಲವು ತಿಂಗಳು ನಿಲ್ಲುವ ತಗ್ಗಿನ ನೀರು.

ನೀರು ನಿಂತಲ್ಲಿ ಪಾಚಿ. ಪಾಚಿ ಎಂದ ಕೂಡಲೇ ಕಾಲು ಜಾರಿಸುವ ಲೋಳೆ, ಕೊಡದ ಒಳಗೆ ಅಂಟುವ ಹಸಿರು, ಮೂಗು ಮುಚ್ಚಿಸುವ ವಾಸನೆ ನೆನಪಾಗುತ್ತವೆ. ನೀರು ಕೆಟ್ಟಿದೆ ಎನ್ನುವುದಕ್ಕೆ ಪಾಚಿಯೇ ಸಾಕ್ಷಿ ಎಂಬುದು ಎಲ್ಲರ ತಿಳಿವಳಿಕೆ. ಹಸಿರು ಪಾಚಿಗಳ ದೊಡ್ಡ ಬಳಗದಲ್ಲಿ ಈ ಮಾತಿಗೆ ಒಗ್ಗದ ಕುಟುಂಬವೊಂದಿದೆ. ಅದರ ಹೆಸರು ಕಾರೇಸಿ. ನೀರು ಕೆಟ್ಟರೆ ಮೊದಲು ಮರೆಯಾಗುವ ಗಿಡಗಳಲ್ಲಿ ಇದೂ ಒಂದು. ಮೈಮೇಲೆ ಸುಣ್ಣ ಕಟ್ಟಿಕೊಳ್ಳುತ್ತದೆ, ಸತ್ತ ಮೇಲೆ ಕಲ್ಲಾಗಿ ಉಳಿಯುತ್ತದೆ. ಬೀದರ್ ಜಿಲ್ಲೆಯ ಹೊಲಗಳ ಅಡಿಯಲ್ಲಿ ಹಾಸಿರುವ ಕರಿಕಲ್ಲು ಇನ್ನೂ ಬಿಸಿ ಲಾವಾ ಆಗಿದ್ದ ಕಾಲದಲ್ಲೂ ಈ ಕುಟುಂಬ ದಖ್ಖನಿನ ಕೆರೆಗಳಲ್ಲಿತ್ತು.

ಗೆಣ್ಣುಗೆಣ್ಣಿನ ಗಿಡ

ಕಾರೇಸಿ ಕುಟುಂಬದ ಮುಖ್ಯ ಕುಲಗಳು ಎರಡು: ಕಾರಾ ಮತ್ತು ನೈಟೆಲ್ಲಾ. ಟಾಲಿಪೆಲ್ಲಾ, ನೈಟೆಲಾಪ್ಸಿಸ್, ಲ್ಯಾಂಪ್ರೊಥ್ಯಾಮ್ನಿಯಮ್ ಮುಂತಾದವು ಉಳಿದ ಚಿಕ್ಕ ಕುಲಗಳು. ಒಟ್ಟು ಪ್ರಭೇದಗಳೆಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1960ರ ದಶಕದಲ್ಲಿ ಜಗತ್ತಿನ ಕಾರೇಸಿಗಳ ಮೇಲೆ ದೊಡ್ಡ ಗ್ರಂಥ ಬರೆದ ಅಮೆರಿಕದ ಆರ್.ಡಿ. ವುಡ್ ಮತ್ತು ಜಪಾನಿನ ಕೆ. ಇಮಾಹೋರಿ 81 ಪ್ರಭೇದಗಳು ಸಾಕೆಂದರು. ಚಿಕ್ಕ ವ್ಯತ್ಯಾಸಗಳನ್ನೂ ಎಣಿಸುವವರ ಪಟ್ಟಿ 400 ದಾಟುತ್ತದೆ. ಭಾರತದ ಕೆರೆ, ಹೊಂಡ, ಭತ್ತದ ಗದ್ದೆಗಳಲ್ಲಿ ಕಾರಾ ಬ್ರೌನಿ, ಕಾರಾ ಕೊರಲಿನಾ, ಕಾರಾ ಝೈಲ್ಯಾನಿಕಾ, ಕಾರಾ ಫೈಬ್ರೋಸಾ ಸಾಮಾನ್ಯ.

ಮೊದಲ ನೋಟಕ್ಕೆ ಇದನ್ನು ಪಾಚಿ ಎನ್ನಲು ಮನಸ್ಸು ಬರುವುದಿಲ್ಲ. ಕೆಸರಿನಲ್ಲಿ ಊರಿಕೊಂಡು ನೇರ ನಿಲ್ಲುವ ಕಾಂಡ, ಅದರಲ್ಲಿ ಕಬ್ಬಿನ ಜಲ್ಲೆಗಿರುವಂತೆ ಗೆಣ್ಣು, ಪ್ರತಿ ಗೆಣ್ಣಿನ ಸುತ್ತ ಛತ್ರಿಯಂತೆ ಹರಡಿದ ಎಳೆಗಳು. ಒಂದು ಗೇಣಿನಿಂದ ಒಂದೆರಡು ಮೊಳದವರೆಗೆ ಬೆಳೆಯುತ್ತದೆ. ಮೀನಿನ ತೊಟ್ಟಿಗಳಲ್ಲಿ ಕಾಣುವ ಹೈಡ್ರಿಲ್ಲಾ, ಸೆರಟೊಫಿಲಮ್‌ಗಳ ಜೊತೆ ಇದು ಸುಲಭವಾಗಿ ಬೆರೆತುಹೋಗುತ್ತದೆ. ಗುರುತು ಹಿಡಿಯಲು ಕಣ್ಣಿಗಿಂತ ಕೈ, ಮೂಗು ಹೆಚ್ಚು ನೆರವಾಗುತ್ತವೆ. ಕಾರಾವನ್ನು ಹಿಂಡಿದರೆ ಗರಗರ ಎಂದು ಮುರಿಯುತ್ತದೆ, ಬೆರಳಿಗೆ ಮರಳು ತಾಗಿದಂತಾಗುತ್ತದೆ. ಹಲವು ಪ್ರಭೇದಗಳಿಂದ ಬೆಳ್ಳುಳ್ಳಿ ಬೆರೆತ ಗಂಧಕದ ಘಾಟು ಬರುತ್ತದೆ. ಬಿಸಿಲಿಗೆ ಒಣಗಿಸಿದರೆ ಹಸಿರು ಹೋಗಿ ಬೂದುಬಿಳುಪಿಗೆ ತಿರುಗುತ್ತದೆ. ಒಣಗಿದ್ದರ ಮೇಲೆ ನಿಂಬೆಹಣ್ಣು ಹಿಂಡಿದರೆ ನೊರೆಯೇಳುತ್ತದೆ, ಏಕೆಂದರೆ ಸುಣ್ಣ ಚೆನ್ನಾಗಿ ಕಟ್ಟಿದ ಕಾರಾದ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್.

ಈ ಸುಣ್ಣ ಎಲ್ಲಿಂದ ಬಂತು? ನೀರಿನಲ್ಲಿ ಮುಳುಗಿ ಬದುಕುವ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಸಾಕಷ್ಟು ಸಿಗುವುದಿಲ್ಲ. ಗಡಸು ನೀರಿನಲ್ಲಿ ಇಂಗಾಲ ಹೆಚ್ಚಾಗಿ ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತದೆ. ಕಾರಾ ತನ್ನ ಕೋಶದ ಹೊರಮೈಯನ್ನು ಪಟ್ಟೆಪಟ್ಟೆಯಾಗಿ ಹಂಚಿಕೊಂಡಿದೆ. ಒಂದು ಪಟ್ಟೆ ಆಮ್ಲವನ್ನು ಹೊರಬಿಡುತ್ತದೆ, ಅಲ್ಲಿ ಬೈಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಆಗಿ ಒಳಗೆ ಹೋಗುತ್ತದೆ. ಪಕ್ಕದ ಪಟ್ಟೆ ಕ್ಷಾರ, ಅಲ್ಲಿ ಸುಣ್ಣ ಪುಡಿಯಾಗಿ ಮೈಗೆ ಅಂಟುತ್ತದೆ. ಉಣ್ಣುವ ಕೆಲಸದ ಉಳಿಕೆಯೇ ಮೈಮೇಲಿನ ಗಾರೆ. ಕರಿಕಲ್ಲಿನ ಸೀಮೆಯ ಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎರಡೂ ಇರುವುದರಿಂದಲೇ ಮನೆಯ ಹಂಡೆಗಳಲ್ಲಿ ಬಿಳಿ ಹೆಪ್ಪು ಕಟ್ಟುತ್ತದೆ. ಜನರಿಗೆ ತಾಪತ್ರಯವಾದ ಈ ಗಡಸು ನೀರು ಕಾರಾಕ್ಕೆ ಹಿತ.

ಲಾವಾ ತಣಿದ ಬಿಡುವಿನಲ್ಲಿ

ಕಾರಾದ ಗೆಣ್ಣಿನ ಸಂದಿಯಲ್ಲಿ ಕೈಮಸೂರ ಹಿಡಿದು ನೋಡಿದರೆ ಕಿತ್ತಳೆ ಬಣ್ಣದ ಚಿಕ್ಕ ಗುಂಡು, ಅದರ ಮಗ್ಗುಲಲ್ಲಿ ಮೊಟ್ಟೆಯಾಕಾರದ ಹಸಿರು ಕಾಯಿ ಕಾಣುತ್ತವೆ. ಗುಂಡು ಗಂಡು ಅಂಗ, ಎಂಟು ಗುರಾಣಿಗಳಂಥ ಕೋಶಗಳು ಸೇರಿ ಅದರ ಹೊದಿಕೆ. ಕಾಯಿ ಹೆಣ್ಣು ಅಂಗ, ಅದರ ಸುತ್ತ ಐದು ಕೊಳವೆ ಕೋಶಗಳು ಎಡಕ್ಕೆ ತಿರುಚಿ ಸುತ್ತಿಕೊಂಡಿರುತ್ತವೆ. ತುದಿಯಲ್ಲಿ ಕಿರೀಟ. ಕಿರೀಟಕ್ಕೆ ಐದು ಕೋಶವಿದ್ದರೆ ಕಾರಾ, ಎರಡು ಸಾಲಿನಲ್ಲಿ ಹತ್ತಿದ್ದರೆ ನೈಟೆಲ್ಲಾ. ಉಳಿದ ಪಾಚಿಗಳಲ್ಲಿ ಸಂತಾನದ ಅಂಗಗಳಿಗೆ ಇಷ್ಟು ಹೊದಿಕೆ, ಇಷ್ಟು ಅಲಂಕಾರ ಇಲ್ಲ.

ಗರ್ಭ ಕಟ್ಟಿದ ಮೇಲೆ ಆ ಐದು ಸುತ್ತಿನ ಕೊಳವೆಗಳ ಒಳಗೋಡೆಗೂ ಸುಣ್ಣ ತುಂಬುತ್ತದೆ. ಗಿಡ ಕೊಳೆಯುತ್ತದೆ, ಸುಣ್ಣದ ಚಿಪ್ಪು ಕೆಸರಿಗೆ ಬೀಳುತ್ತದೆ. ಅರ್ಧದಿಂದ ಒಂದು ಮಿಲಿಮೀಟರಿನ ಈ ತಿರುಚಿದ ಚಿಪ್ಪಿಗೆ ಗೈರೋಗೊನೈಟ್ ಎಂದು ಹೆಸರು. ಆ ಹೆಸರಿಟ್ಟ ಫ್ರಾನ್ಸಿನ ಲಾಮಾರ್ಕ್ ಇದನ್ನು ಯಾವುದೋ ಸಮುದ್ರಜೀವಿಯ ಶಂಖ ಎಂದುಕೊಂಡಿದ್ದ. ಅದು ಪಾಚಿಯ ಕಾಯಿ ಎಂದು ತಿಳಿದದ್ದು ನಂತರ. ಎಡಕ್ಕೆ ತಿರುಚಿದ, ಬಲಕ್ಕೆ ತಿರುಚಿದ, ತಿರುಚದೇ ನೆಟ್ಟಗೆ ನಿಂತ ಹೀಗೆ ಹಲವು ವಂಶಗಳ ಚಿಪ್ಪುಗಳು ಹಳೆಯ ಕಲ್ಲುಗಳಲ್ಲಿ ಸಿಕ್ಕಿವೆ. ಅವುಗಳ ಚರಿತ್ರೆ 40 ಕೋಟಿ ವರ್ಷಗಳಿಗೂ ಹಿಂದೆ ಹೋಗುತ್ತದೆ. ಈಗ ಬದುಕಿರುವುದು ಎಡಕ್ಕೆ ತಿರುಚಿದ ಒಂದೇ ಕುಟುಂಬ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಲಾವಾ ಹರಿಯಿತು. ಒಮ್ಮೆ ಹರಿದು ಮುಗಿಯಲಿಲ್ಲ. ಪದರದ ಮೇಲೆ ಪದರ ಬಂತು, ನಡುನಡುವೆ ಸಾವಿರಾರು ವರ್ಷಗಳ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ತಣಿದ ಕಲ್ಲಿನ ತಗ್ಗುಗಳಲ್ಲಿ ಮಳೆನೀರು ನಿಂತು ಕೆರೆಗಳಾದವು. ಕೆರೆಗಳಿಗೆ ಬಸವನಹುಳು, ಮೀನು, ಕಪ್ಪೆ, ಪಾಚಿ ಎಲ್ಲ ಬಂದವು. ಮುಂದಿನ ಲಾವಾ ಬಂದು ಅವೆಲ್ಲವನ್ನೂ ಮುಚ್ಚಿತು. ಭೂವಿಜ್ಞಾನಿಗಳು ಅಂತರ-ಟ್ರ್ಯಾಪ್ ಪದರ ಎನ್ನುವುದು ಇಂಥ ಹೂತುಹೋದ ಕೆರೆಯಂಗಳಗಳನ್ನು.

ಮದ್ರಾಸ್ ಸೈನ್ಯದ ಶಸ್ತ್ರವೈದ್ಯ ಜಾನ್ ಗ್ರಾಂಟ್ ಮಾಲ್ಕಮ್‌ಸನ್ ನಿಜಾಮನ ಸೀಮೆಯಲ್ಲಿ ಸುತ್ತಾಡುತ್ತಾ ನಿರ್ಮಲ್ ಕಡೆಯ ಸಿಚೆಲ್ ಗುಡ್ಡಗಳಲ್ಲಿ ಇಂಥ ಪದರಗಳಿಂದ ಪಳೆಯುಳಿಕೆ ಕೂಡಿಸಿದ್ದ. ಅವನ ಬರಹ 1840ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಆ ಸಂಗ್ರಹದಲ್ಲಿದ್ದ ಪುಟ್ಟ ತಿರುಚು ಚಿಪ್ಪಿಗೆ ಸೋವರ್ಬಿ ಎಂಬ ತಜ್ಞ ಕಾರಾ ಮಾಲ್ಕಮ್‌ಸೋನಿ ಎಂದು ನಾಮಕರಣ ಮಾಡಿದ. ಬೀದರ್ ಆಗ ಅದೇ ನಿಜಾಮನ ಆಳ್ವಿಕೆಯಲ್ಲಿತ್ತು. ಭಾರತದ ಪಳೆಯುಳಿಕೆ ಪಾಚಿಗಳ ಅಧ್ಯಯನದ ಮೊದಮೊದಲ ಹೆಸರುಗಳಲ್ಲಿ ಒಂದು ಹೀಗೆ ಹೈದರಾಬಾದ್ ಸಂಸ್ಥಾನದ ಕರಿಕಲ್ಲಿನಿಂದ ಎದ್ದು ಬಂತು.

ಕರ್ನಾಟಕದಲ್ಲೂ ಈ ಪದರಗಳಿವೆ. ಬಸವಕಲ್ಯಾಣದಿಂದ ದಕ್ಷಿಣಕ್ಕೆ, ಲಾವಾ ಹಾಸು ಮುಗಿದು ಬೇರೆ ಕಲ್ಲು ಶುರುವಾಗುವ ಅಂಚಿನಲ್ಲಿ, ಗುರುಮಠಕಲ್ ಮತ್ತು ಯಾನಾಗುಂದಿಯ ಸುತ್ತ ಅವು ಹೊರಗೆ ಕಾಣಿಸುತ್ತವೆ. ಪಂಜಾಬ್ ವಿಶ್ವವಿದ್ಯಾಲಯದ ಅಶೋಕ್ ಸಾಹ್ನಿ ಮತ್ತು ಅವರ ಜೊತೆಗಾರರು ಉತ್ತರ ಕರ್ನಾಟಕದ ಈ ಮಣ್ಣನ್ನು ಜರಡಿ ಹಿಡಿದು ಸೂಕ್ಷ್ಮ ಪಳೆಯುಳಿಕೆಗಳನ್ನು ಹೆಕ್ಕಿದರು. ದಖ್ಖನಿನ ಅಂತರ-ಟ್ರ್ಯಾಪ್ ಕಾರಾಗಳ ಮೇಲೆ ಅವರು ಬರೆದ ಪ್ರಬಂಧ 1994ರಲ್ಲಿ ಬಂತು. ಪ್ಲಾಟಿಕಾರಾದಂಥ ಅಳಿದುಹೋದ ಕುಲಗಳ ಚಿಪ್ಪನ್ನು ನೋಡಿ ಲಾವಾ ಪದರದ ವಯಸ್ಸನ್ನು ಅಂದಾಜು ಮಾಡುವುದು ಅದರ ಉದ್ದೇಶ. ಡೈನೋಸಾರ್‌ಗಳ ಕಾಲ ಮುಗಿದ ಗಡಿ ಈ ಲಾವಾಗಳ ನಡುವೆ ಎಲ್ಲಿ ಬರುತ್ತದೆ ಎಂದು ಹುಡುಕುವವರಿಗೆ ದೊಡ್ಡ ಎಲುಬಿಗಿಂತ ಈ ಚಿಕ್ಕ ಕಾಯಿಗಳು ಹೆಚ್ಚು ಉಪಯೋಗಕ್ಕೆ ಬಂದಿವೆ. ಎಲುಬು ಅಪರೂಪ, ಕಾಯಿ ಒಂದು ಹಿಡಿ ಮಣ್ಣಿನಲ್ಲಿ ಹಲವು ಸಿಗುತ್ತವೆ.

ಬೆರಳುದ್ದದ ಕೋಶ

ಬದುಕಿರುವ ಕಾರಾ ಪ್ರಯೋಗಶಾಲೆಗಳಲ್ಲಿ ಹೆಸರು ಮಾಡಿದ್ದು ಬೇರೆಯೇ ಕಾರಣಕ್ಕೆ. ಎರಡು ಗೆಣ್ಣುಗಳ ನಡುವಿನ ಇಡೀ ತುಂಡು ಒಂದೇ ಜೀವಕೋಶ. ಕಾರಾ ಕೊರಲಿನಾದಲ್ಲಿ ಅದು ಐದರಿಂದ ಹತ್ತು ಸೆಂಟಿಮೀಟರ್ ಉದ್ದವಾಗಬಹುದು. ಅದರೊಳಗೆ ಸಾವಿರಕ್ಕೂ ಮೀರಿ ಕೋಶಕೇಂದ್ರಗಳು. ಸೂಕ್ಷ್ಮದರ್ಶಕವಿಲ್ಲದೆ ಬರಿಗಣ್ಣಿಗೆ ಕಾಣುವ, ಕತ್ತರಿಯಲ್ಲಿ ಕತ್ತರಿಸಬಹುದಾದ ಕೋಶ.

ಇಟಲಿಯ ಪಾದ್ರಿ ಬೊನವೆಂಚುರಾ ಕೊರ್ತಿ 1774ರಲ್ಲಿ ಈ ಕೋಶದೊಳಗೆ ರಸ ಸುತ್ತುತ್ತಿರುವುದನ್ನು ಕಂಡ. ಒಂದು ಬದಿಯಲ್ಲಿ ಮೇಲಕ್ಕೆ, ಇನ್ನೊಂದು ಬದಿಯಲ್ಲಿ ಕೆಳಕ್ಕೆ, ಎಡೆಬಿಡದೆ. ಇಷ್ಟು ಉದ್ದದ ಕೋಶದಲ್ಲಿ ಆಹಾರ ತಾನಾಗಿ ಹರಡಿ ತುದಿ ಮುಟ್ಟಲು ದಿನಗಟ್ಟಲೆ ಬೇಕು, ಆದ್ದರಿಂದ ಕಾರಾ ಸಾಗಣೆಯ ವ್ಯವಸ್ಥೆ ಇಟ್ಟುಕೊಂಡಿದೆ. ಆ್ಯಕ್ಟಿನ್ ಎಂಬ ಎಳೆಗಳ ಮೇಲೆ ಮಯೋಸಿನ್ ಎಂಬ ಪ್ರೋಟೀನ್ ಹೆಜ್ಜೆಯಿಡುತ್ತಾ ರಸವನ್ನು ಎಳೆದೊಯ್ಯುತ್ತದೆ. ನಮ್ಮ ಸ್ನಾಯುಗಳನ್ನು ಕುಗ್ಗಿಸುವುದೂ ಇದೇ ಜೋಡಿ. ಆದರೆ ಇದುವರೆಗೆ ಅಳೆದ ಮಯೋಸಿನ್‌ಗಳಲ್ಲಿ ಅತಿ ವೇಗದ್ದು ಕಾರಾದ್ದೇ. ಸೆಕೆಂಡಿಗೆ 60 ಮೈಕ್ರೊಮೀಟರ್ ಎಂದು ಹಿಡಿದರೂ ಗಂಟೆಗೆ 20 ಸೆಂಟಿಮೀಟರ್ ಮೀರುತ್ತದೆ.

ಈ ಕೋಶವನ್ನು ಚುಚ್ಚಿದರೆ ಹರಿವು ತಟ್ಟನೆ ನಿಲ್ಲುತ್ತದೆ. ಆ ಹೊತ್ತಿಗೆ ಕೋಶದ ಪೊರೆಯ ಮೇಲೆ ವಿದ್ಯುತ್ತಿನ ಅಲೆಯೊಂದು ಓಡಿರುತ್ತದೆ. ನರದಲ್ಲಿ ಸಂದೇಶ ಹೋಗುವುದೂ ಇಂಥ ಅಲೆಯಾಗಿಯೇ. ಆದರೆ ನರದಲ್ಲಿ ಅದು ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ ಮುಗಿದರೆ ಇಲ್ಲಿ ಹಲವು ಸೆಕೆಂಡು ಹಿಡಿಯುತ್ತದೆ. ನಿಧಾನವಾದ್ದರಿಂದ ಅಳೆಯುವುದು ಸುಲಭ. ಅಮೆರಿಕದ ಕೆ.ಎಸ್. ಕೋಲ್ ಮತ್ತು ಎಚ್.ಜೆ. ಕರ್ಟಿಸ್ 1938ರಲ್ಲಿ ನೈಟೆಲ್ಲಾದ ಕೋಶದ ಮೇಲೆ ಈ ಅಳತೆ ಮಾಡಿ ತೋರಿಸಿ, ಮರುವರ್ಷ ಅದನ್ನೇ ಸ್ಕ್ವಿಡ್ ಎಂಬ ಸಮುದ್ರಜೀವಿಯ ನರಕ್ಕೆ ಅನ್ವಯಿಸಿದರು. ಆಧುನಿಕ ನರವಿಜ್ಞಾನದ ಮೊದಲ ಪಾಠಗಳಲ್ಲಿ ಒಂದನ್ನು ಕೆರೆಯ ಪಾಚಿ ಕಲಿಸಿತು.

ಕೆಸರಿನಲ್ಲಿ ಊರುವ ಬೇರೆಳೆಗಳಿಗೂ ಒಂದು ವಿಶೇಷವಿದೆ. ತುದಿಯಲ್ಲಿ ಬೇರಿಯಂ ಸಲ್ಫೇಟಿನ ಹರಳುಗಳಿವೆ. ಎಳೆ ಓರೆಯಾದರೆ ಭಾರದ ಹರಳು ಕೆಳಬದಿಗೆ ಜಾರುತ್ತದೆ, ಎಳೆ ಅತ್ತ ಬಾಗುತ್ತದೆ. ಕೆಸರು ಯಾವ ಕಡೆಗಿದೆ ಎಂದು ಕಾರಾ ತಿಳಿಯುವುದು ಹೀಗೆ.

ಕೊಂಬೆ, ಗೆಣ್ಣು, ಕಾಯಿ ಎಲ್ಲ ಇರುವುದರಿಂದ ಭೂಮಿಯ ಮೇಲಿನ ಗಿಡಮರಗಳ ಅತಿ ಹತ್ತಿರದ ನೆಂಟ ಕಾರೇಸಿಯೇ ಎಂದು ಬಹಳ ಕಾಲ ನಂಬಲಾಗಿತ್ತು. 2001ರಲ್ಲಿ ವಂಶವಾಹಿಗಳ ಹೋಲಿಕೆಯೂ ಹಾಗೆಯೇ ಹೇಳಿತು. ನಂತರ ನೂರಾರು ವಂಶವಾಹಿಗಳನ್ನು ಒಟ್ಟಿಗೆ ಹೋಲಿಸಿದಾಗ ಆ ಸ್ಥಾನ ಸ್ಪೈರೋಗೈರಾದ ಬಳಗಕ್ಕೆ ಹೋಯಿತು. ಕಾಲೇಜಿನ ಪ್ರಾಯೋಗಿಕ ತರಗತಿಯಲ್ಲಿ ರಿಬ್ಬನ್ನಿನಂಥ ಹಸಿರು ಸುರುಳಿ ತೋರಿಸುವ ಎಳೆಪಾಚಿ ಅದು. ಕಾರಾ ಒಂದು ಮೆಟ್ಟಿಲು ಹಿಂದೆ ಸರಿಯಿತು. 2018ರಲ್ಲಿ ಕಾರಾ ಬ್ರೌನಿಯ ಪೂರ್ಣ ಜೀನೋಮ್ ಪ್ರಕಟವಾದಾಗ, ನೆಲದ ಗಿಡಗಳಲ್ಲಿ ಮಾತ್ರ ಇವೆ ಎಂದುಕೊಂಡಿದ್ದ ಹಲವು ವಂಶವಾಹಿಗಳ ಮೂಲರೂಪ ಅದರಲ್ಲಿ ಕಂಡಿತು. ನೀರು ಬಿಟ್ಟು ನೆಲಕ್ಕೆ ಬರುವ ಮೊದಲೇ ಸಸ್ಯಗಳು ತಯಾರಿ ನಡೆಸಿದ್ದವು ಎಂಬುದಕ್ಕೆ ಇದು ಆಧಾರ.

ಗೋಧಿಯ ವಿಜ್ಞಾನಿ, ಕಾರಾದ ಪಟ್ಟಿ

ಭಾರತದ ಕಾರಾಗಳಿಗೆ ಹೆಸರಿಟ್ಟವರ ಸಾಲು ಉದ್ದವಾಗಿದೆ. ತಮಿಳು ಕರಾವಳಿಯ ತರಂಗಂಬಾಡಿಯ ಮಿಷನ್ ವೈದ್ಯ ಕ್ಲೈನ್ ಕೊಟ್ಟ ಹೆಸರುಗಳನ್ನು ಬರ್ಲಿನ್ನಿನ ವಿಲ್ಡೆನೋ 1805ರಲ್ಲಿ ಪ್ರಕಟಿಸಿದ. ಕಾರಾ ಕೊರಲಿನಾ, ಕಾರಾ ಝೈಲ್ಯಾನಿಕಾ ಹೀಗೆ ಬಂದವು. ಇಂಗ್ಲೆಂಡಿನ ಜೇಮ್ಸ್ ಗ್ರೋವ್ಸ್ 1924ರಲ್ಲಿ ಭಾರತದ ಕಾರಾಗಳ ಟಿಪ್ಪಣಿ ಬರೆದ. ಎಲ್ಲವನ್ನೂ ಒಂದು ಕಡೆ ತಂದ ಗ್ರಂಥ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನಿಂದ 1962ರಲ್ಲಿ ಹೊರಬಂತು. ಅದರ ನಾಲ್ವರು ಲೇಖಕರಲ್ಲಿ ಮೊದಲ ಹೆಸರು ಬಿ.ಪಿ. ಪಾಲ್. ತುಕ್ಕುರೋಗ ತಡೆಯುವ ಗೋಧಿ ತಳಿಗಳಿಂದ ಹೆಸರಾಗಿ, ಮುಂದೆ ಅದೇ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದವರು. ಬರ್ಮಾದಲ್ಲಿ ಓದಿ ಬೆಳೆದ ಪಾಲ್ 1932ರಲ್ಲೇ ಅಲ್ಲಿನ ಕಾರಾಗಳ ಬಗ್ಗೆ ಬರೆದಿದ್ದರು. ಗೋಧಿಗೂ ಗುಲಾಬಿಗೂ ಹೆಸರಾದವರ ಮೊದಲ ಒಲವು ನೀರಿನ ಪಾಚಿಯಲ್ಲಿತ್ತು.

ಅದೇ ಪರಿಷತ್ತಿಗೆ ಭತ್ತದ ಗದ್ದೆಯ ಕಾರಾ ಕಳೆಯೂ ಹೌದು. ನೀರು ನಿಲ್ಲಿಸಿದ ಗದ್ದೆಯಲ್ಲಿ ದಟ್ಟವಾಗಿ ಬೆಳೆದು ಎಳೆ ಸಸಿಗಳ ಪಾಲಿನ ಸಾರ ಹೀರುತ್ತದೆ, ಕಾಲುವೆಗಳಲ್ಲಿ ನೀರಿನ ಓಟ ತಡೆಯುತ್ತದೆ. ರೈತರ ಮದ್ದು ಮೈಲುತುತ್ತ. ತಾಮ್ರವನ್ನು ಕಾರಾ ತಾಳಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಇದೇ ಕುಟುಂಬದ ನೈಟೆಲಾಪ್ಸಿಸ್ ಇನ್ನೂ ದೊಡ್ಡ ತಲೆನೋವು. ಯುರೋಪಿನ ಕೆಲವು ದೇಶಗಳಲ್ಲಿ ಅಪರೂಪವೆಂದು ಕಾಪಾಡುವ ಈ ಗಿಡ 1970ರ ದಶಕದಲ್ಲಿ ಸೇಂಟ್ ಲಾರೆನ್ಸ್ ನದಿಯಲ್ಲಿ ಕಾಣಿಸಿಕೊಂಡು, ದೊಡ್ಡ ಸರೋವರಗಳ ಸೀಮೆಯನ್ನು ಆಕ್ರಮಿಸಿದೆ. ಅಲ್ಲಿರುವುದೆಲ್ಲ ಗಂಡು ಗಿಡ. ಬೀಜವಿಲ್ಲದೆ ತುಂಡುಗಳಿಂದಲೇ, ದೋಣಿಗಳಿಗೆ ಅಂಟಿಕೊಂಡು ಹಬ್ಬುತ್ತಿದೆ.

ಸೊಳ್ಳೆಯ ಮಾತೂ ಉಂಟು. ಸ್ಪೇನಿನ ಸಸ್ಯವಿಜ್ಞಾನಿ ಅರ್ತುರೊ ಕಬಾಲೆರೊ 1919ರಲ್ಲಿ ಕಾರಾ ಇದ್ದ ನೀರಿನಲ್ಲಿ ಸೊಳ್ಳೆಮರಿ ಬದುಕುವುದಿಲ್ಲ ಎಂದು ಬರೆದ. ಮಲೇರಿಯಾ ಕಾಲದಲ್ಲಿ ಅದು ದೊಡ್ಡ ಆಸೆ ಹುಟ್ಟಿಸಿತು. ಬೇರೆ ದೇಶಗಳಲ್ಲಿ ಪರೀಕ್ಷಿಸಿದಾಗ ಕೆಲವೆಡೆ ಹೌದು, ಕೆಲವೆಡೆ ಇಲ್ಲ ಎಂಬ ಉತ್ತರ ಬಂತು. ಕಾರಾದ ಘಾಟಿನ ಹಿಂದಿರುವ ಗಂಧಕದ ಸಂಯುಕ್ತಗಳನ್ನು 1980ರಲ್ಲಿ ಬೇರ್ಪಡಿಸಲಾಯಿತು. ಕೆಲವು ಕೀಟಗಳಿಗೂ ನೀರಿನ ಸೂಕ್ಷ್ಮಪಾಚಿಗಳಿಗೂ ಅವು ಹಿಡಿಸುವುದಿಲ್ಲ.

ತಿಳಿ ನೀರು, ಕದಡು ನೀರು

ಕಾರಾ ಬೆಳೆದ ಕೆರೆಯ ನೀರು ತಿಳಿಯಾಗಿರುತ್ತದೆ. ನೀರು ತಿಳಿಯಾಗಿರುವುದರಿಂದ ಕಾರಾ ಬೆಳೆಯಿತೇ, ಕಾರಾ ಬೆಳೆದದ್ದರಿಂದ ನೀರು ತಿಳಿಯಾಯಿತೇ? ಎರಡೂ ನಿಜ. ದಟ್ಟ ಹಾಸಿನಂತೆ ತಳದಲ್ಲಿ ಹಬ್ಬಿದ ಕಾರಾ ಗಾಳಿಗೆ ಕೆಸರು ಏಳದಂತೆ ಹಿಡಿದಿಡುತ್ತದೆ. ಸುಣ್ಣ ಕಟ್ಟುವಾಗ ನೀರಿನ ರಂಜಕದಲ್ಲಿ ಒಂದಿಷ್ಟು ಸುಣ್ಣದ ಜೊತೆಯೇ ತಳ ಸೇರುತ್ತದೆ. ತೇಲುಪಾಚಿ ತಿನ್ನುವ ನೀರುಚಿಗಟಗಳಿಗೆ ಕಾರಾದ ಪೊದೆ ಮೀನಿನಿಂದ ಅಡಗುವ ಮನೆ.

ರಂಜಕ ಹೆಚ್ಚಾದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಮೇಲ್ಪದರದಲ್ಲಿ ತೇಲುಪಾಚಿ ಉಕ್ಕಿ ನೀರು ಹಸಿರು ರಾಡಿಯಾಗುತ್ತದೆ. ತಳಕ್ಕೆ ಬೆಳಕು ಇಳಿಯುವುದಿಲ್ಲ. ರಂಜಕವೇ ಕಾರಾಕ್ಕೆ ವಿಷ ಎಂದು ಒಂದು ಕಾಲದಲ್ಲಿ ಭಾವಿಸಿದ್ದರು, ನಂತರದ ಪ್ರಯೋಗಗಳು ಕತ್ತಲೆಯತ್ತ ಬೆರಳು ತೋರಿಸಿದವು. ಕಾರಾ ಸಾಯುತ್ತದೆ, ಕೆಸರು ಸಡಿಲಾಗುತ್ತದೆ, ನೀರು ಇನ್ನಷ್ಟು ಕದಡುತ್ತದೆ. ನೆದರ್ಲೆಂಡ್ಸಿನ ವೆಲುವೆಮೀರ್ ಎಂಬ ಆಳವಿಲ್ಲದ ಸರೋವರ ಈ ದಾರಿಯಲ್ಲಿ ಹೋಗಿ ಬಂದ ಪ್ರಸಿದ್ಧ ಉದಾಹರಣೆ. ಚರಂಡಿ ನೀರಿನಿಂದ ಅಲ್ಲಿನ ಕಾರಾ ಹಾಸು ಅಳಿದುಹೋಗಿತ್ತು. ರಂಜಕದ ಹರಿವು ತಗ್ಗಿಸಿದ ಮೇಲೆ, ಕೆಸರು ಕೆದಕುವ ಮೀನುಗಳೂ ಕಡಿಮೆಯಾದ ಮೇಲೆ, 1990ರ ದಶಕದಲ್ಲಿ ಕಾರಾ ಮರಳಿ ಬಂತು. ಅದರ ಹಿಂದೆ ತಿಳಿ ನೀರೂ ಬಂತು. ಯುರೋಪ್ ಒಕ್ಕೂಟದ ನೆಲೆ ಸಂರಕ್ಷಣೆಯ ಪಟ್ಟಿಯಲ್ಲಿ ಕಾರಾ ಹಾಸಿರುವ ಗಡಸು ನೀರಿನ ಕೆರೆಗಳಿಗೆ 3140 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ.

ನೀರಿನ ಗಿಡ ನೀರನ್ನು ತಿಳಿಗೊಳಿಸುತ್ತದೆ ಎಂಬುದು ನಮಗೆ ಹೊಸ ಸುದ್ದಿಯಲ್ಲ. ಸುಶ್ರುತ ಸಂಹಿತೆ ಕದಡಿದ ನೀರು ತಿಳಿಯಾಗಿಸಲು ಹೇಳುವ ಏಳು ಸಾಧನಗಳಲ್ಲಿ ಚಿಲ್ಲದ ಬೀಜ, ತಾವರೆ ದಂಟಿನ ಗೆಣ್ಣು, ಬಟ್ಟೆಗಳ ಜೊತೆ ಶೈವಲದ ಬೇರೂ ಇದೆ.

ಕಲ್ಯಾಣದ ನೀರು

ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, ಸುಮಾರು 1129ರ ಹೊತ್ತಿಗೆ, ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸವನ್ನು ಬರೆದ. ಅರಸನ ವಿನೋದಗಳ ಈ ವಿಶ್ವಕೋಶದಲ್ಲಿ ಮೀನು ಹಿಡಿಯುವ ವಿನೋದಕ್ಕೆ ಬೇರೆ ಪ್ರಕರಣವಿದೆ. ಮೀನುಗಳ ಜಾತಿ, ಅವು ಇರುವ ನೀರು, ಅವಕ್ಕೆ ಹಾಕುವ ತಿನಿಸು ಎಲ್ಲ ಅದರಲ್ಲಿ ಬರುತ್ತದೆ. ಕುಡಿಯುವ ನೀರೂ ಭೋಗಗಳ ಪಟ್ಟಿಯಲ್ಲಿದೆ. ದೊಡ್ಡ ಹೊಳೆಯಿಲ್ಲದ ಊರು ರಾಜಧಾನಿಯಾಗಬೇಕಾದರೆ ನಿಂತ ನೀರನ್ನು ಬಲ್ಲವರು ಬೇಕು. ತ್ರಿಪುರಾಂತ ಕೆರೆ, ಕೋಟೆಯ ಬಾವಿಗಳು, ಹುಮನಾಬಾದ್ ಬಳಿಯ ಜಲಸಂಗಿಯ ಗುಡಿಯ ಸುತ್ತಿನ ನೀರಿನ ನೆಲೆಗಳು ಆ ತಿಳಿವಳಿಕೆಯ ಉಳಿಕೆ.

ಈಗ ಈ ನೀರುಗಳ ಕಥೆ ಬೇರೆ. ಗುಲಬರ್ಗಾ ವಿಶ್ವವಿದ್ಯಾಲಯದ ಸಂಶೋಧಕರು ಬೀದರಿನ ಪಾಪನಾಶ ಕೆರೆಯ ನೀರು ಮತ್ತು ಪಾಚಿಗಳನ್ನು ಪರೀಕ್ಷಿಸಿ 2005ರಲ್ಲಿ ಬರೆದರು. 2008ರಲ್ಲಿ ಭಾಲ್ಕಿ ಕೆರೆಯ ಬಗ್ಗೆ ಬಂದ ಪ್ರಬಂಧದ ವಿಷಯವೇ ಮನೆಗಳ ಕೊಳಚೆ ಕೆರೆಗೆ ಏನು ಮಾಡಿದೆ ಎಂಬುದು. ಕೆರೆಯನ್ನು ಕೆಡಿಸುವ ಇನ್ನೊಂದು ಮೂಲ ಹೊಲ. ಕರ್ನಾಟಕದಲ್ಲಿ ಸೋಯಾಬೀನ್ ಹೆಚ್ಚು ಬೆಳೆಯುವ ಜಿಲ್ಲೆ ಬೀದರ್. ಸೋಯಾ, ಕಬ್ಬುಗಳಿಗೆ ಮುಂಗಾರು ಹೊಸ್ತಿಲಲ್ಲೇ ಡಿಎಪಿ ಗೊಬ್ಬರ ಬೀಳುತ್ತದೆ. ಅದರ ಚೀಲದ ಮೇಲಿನ 18-46 ಎಂಬ ಸಂಖ್ಯೆಯಲ್ಲಿ ಎರಡನೆಯದು ರಂಜಕದ ಪಾಲು. ಎರೆಮಣ್ಣು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ನಿಜ. ಆದರೆ ಜೋರು ಮಳೆಗೆ ಮಣ್ಣೇ ಕೊಚ್ಚಿ ಕೆರೆಗೆ ಬಂದರೆ ರಂಜಕವೂ ಜೊತೆಗೆ ಬಂತು. ಎರೆಮಣ್ಣಿನ ಕಣ ಬಲು ನುಣುಪು, ಬೇಗ ತಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಎರೆಹೊಲಗಳ ನಡುವಿನ ಕೆರೆಗಿಂತ ಹುಮನಾಬಾದ್ ಕಡೆಯ ಕೆಂಪುಕಲ್ಲಿನ ಎತ್ತರದ ಹೊಂಡಗಳು, ಕರಿಕಲ್ಲಿನ ಹಳೆಯ ಗಣಿತಗ್ಗುಗಳು ಕಾರಾಕ್ಕೆ ಒಳ್ಳೆಯ ಜಾಗ. ಅಲ್ಲಿ ಹೊಲದ ನೀರೂ ಇಲ್ಲ, ಊರಿನ ಚರಂಡಿಯೂ ಇಲ್ಲ.

ಮೂರನೆಯದು ಮೀನು. ಕೆರೆ ಗುತ್ತಿಗೆ ಹಿಡಿದವರು ಕಾಟ್ಲಾ, ರೋಹು, ಮೃಗಾಲ್ ಜೊತೆ ಹುಲ್ಲುಗೆಂಡೆ ಮತ್ತು ಸಾಮಾನ್ಯ ಗೆಂಡೆಯ ಮರಿಗಳನ್ನೂ ಬಿಡುತ್ತಾರೆ. ಹುಲ್ಲುಗೆಂಡೆಗೆ ಕಾರಾ ಬಲು ಇಷ್ಟದ ಮೇವು. ಸಾಮಾನ್ಯ ಗೆಂಡೆ ತಿನ್ನುವುದು ಕೆಸರಿನ ಹುಳುವನ್ನಾದರೂ, ಅದಕ್ಕಾಗಿ ತಳವನ್ನೆಲ್ಲ ಕೆದಕುತ್ತದೆ. ಇವೆರಡೂ ಒತ್ತಾಗಿದ್ದ ಕೆರೆಯಲ್ಲಿ ಕಾರಾ ಉಳಿಯುವುದು ಕಷ್ಟ. ಚಳಿಗಾಲದಲ್ಲಿ ದಖ್ಖನಿನ ಕೆರೆಗಳಿಗೆ ಬರುವ ರೆಡ್ ಕ್ರೆಸ್ಟೆಡ್ ಪೋಚಾರ್ಡ್ ಎಂಬ ಕೆಂಪುತಲೆಯ ಬಾತಿನ ಮುಖ್ಯ ಆಹಾರಗಳಲ್ಲೂ ಕಾರಾ ಒಂದು. ಬಾತಿನ ಹೊಟ್ಟೆಯಲ್ಲಿ ಕಾರಾದ ಕಾಯಿಯೊಳಗಿನ ಕೆಲವು ಬೀಜಾಣುಗಳು ಅರಗದೆ ಹೊರಬೀಳುತ್ತವೆ. ಒಂದು ಕೆರೆಯ ಕಾರಾ ಇನ್ನೊಂದು ಕೆರೆಗೆ ಹೋಗುವ ದಾರಿ ಅದು.

ಹೂಳಿನೊಳಗಿನ ಉಳಿತಾಯ

ಬೇಸಗೆಯಲ್ಲಿ ಬತ್ತುವ ಹೊಂಡವೂ ಕಾರಾಕ್ಕೆ ಸೋಲಲ್ಲ. ಗಿಡ ಒಣಗುತ್ತದೆ, ಬೀಜಾಣು ಕೆಸರಿನಲ್ಲಿ ಉಳಿಯುತ್ತದೆ. ಒಣಗಿ ಬಿರಿದ ಮಣ್ಣಿನಲ್ಲಿದ್ದು ಮಳೆಗೆ ಮೊಳೆಯಬಲ್ಲದು. ಅನುಕೂಲ ಸಿಗದಿದ್ದರೆ ದಶಕಗಟ್ಟಲೆ ಕಾಯಬಲ್ಲದು. ಹೂಳೆತ್ತುವವರು ಇದನ್ನು ಗಮನಿಸಬೇಕು. ಬೇಸಗೆಯಲ್ಲಿ ಜೆಸಿಬಿ ತಂದು ಕೆರೆಯ ತಳವನ್ನು ಕೆರೆದು ಗೋಡನ್ನು ಹೊಲಕ್ಕೆ ಸಾಗಿಸಿದರೆ ಬೀಜಾಣುಗಳ ದಾಸ್ತಾನೂ ಟ್ರ್ಯಾಕ್ಟರ್ ಏರುತ್ತದೆ. ಮೇಲಿನ ಕೊಳಕು ಹೂಳನ್ನಷ್ಟೇ ತೆಗೆದರೆ ಕೆಳಗೆ ಹುದುಗಿದ್ದ ಹಳೆಯ ಬೀಜಾಣುಗಳಿಗೆ ಬೆಳಕು ಸಿಗುತ್ತದೆ. ಯುರೋಪಿನ ಹಲವು ಹೊಂಡಗಳಲ್ಲಿ ಹೂಳೆತ್ತಿದ ಮೇಲೆ, ಅಳಿದೇ ಹೋಯಿತೆಂದು ಬಿಟ್ಟಿದ್ದ ಕಾರಾಗಳು ಹೀಗೆ ಎದ್ದಿವೆ. ಕೆರೆಯ ಒಂದು ಮೂಲೆಯನ್ನು ಮುಟ್ಟದೆ ಬಿಡುವುದು ಖರ್ಚಿಲ್ಲದ ಉಪಾಯ.

ಹೊಸ ನೀರಿಗೆ ಮೊದಲು ಬಂದು ನೆಲೆಯೂರುವ ಗಿಡಗಳಲ್ಲೂ ಕಾರಾ ಮುಂದು. 2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಪ್ರತಿ ಜಿಲ್ಲೆಗೆ 75 ಕೆರೆಗಳ ಗುರಿಯಿತ್ತು. ಅಂಥ ಮಣ್ಣುತಳದ ಹೊಸ ಕೆರೆಗಳಲ್ಲಿ, ಚರಂಡಿ ಬಂದು ಸೇರುವ ಮುಂಚಿನ ವರ್ಷಗಳಲ್ಲಿ, ಕಾರಾಕ್ಕೆ ಅವಕಾಶವಿದೆ. ಕೃಷಿಭಾಗ್ಯ ಯೋಜನೆಯ ಹೊಂಡಗಳಿಗೆ ತಾಡಪತ್ರಿ ಹಾಸಿರುವುದರಿಂದ ಬೇರೆಳೆ ಊರಲು ಕೆಸರೇ ಇಲ್ಲ.

ನಮ್ಮಲ್ಲಿ ಕೆರೆಯ ನೀರು ಪರೀಕ್ಷಿಸುವಾಗ ಕರಗಿದ ಆಮ್ಲಜನಕ, ಬಿಒಡಿ, ಕೋಲಿಫಾರ್ಮ್‌ಗಳ ಸಂಖ್ಯೆ ಬರೆದುಕೊಳ್ಳುತ್ತಾರೆ. ಬಾಟಲಿ ತುಂಬಿದ ದಿನದ ಸ್ಥಿತಿ ಅದು. ತಳದಲ್ಲಿ ಕಾರಾ ಹಾಸಿದೆಯೋ ಇಲ್ಲವೋ ಎಂಬುದು ಹಿಂದಿನ ಹಲವು ತಿಂಗಳ ಬೆಳಕು, ಕೆಸರು, ರಂಜಕಗಳ ಮೊತ್ತ. ಅದನ್ನು ದಾಖಲಿಸಲು ಯಂತ್ರ ಬೇಡ. ದಸರಾ ಕಳೆದು ಮಳೆಯ ರಾಡಿ ತಳಕ್ಕಿಳಿದ ಮೇಲೆ ಬಸವಕಲ್ಯಾಣ, ಹುಮನಾಬಾದಿನ ಪದವಿ ಕಾಲೇಜುಗಳ ಸಸ್ಯಶಾಸ್ತ್ರ ವಿದ್ಯಾರ್ಥಿಗಳು ಒಂದು ಕೊಕ್ಕೆಹಗ್ಗ, ಕೈಮಸೂರ, ನಾಲ್ಕು ನಿಂಬೆಹಣ್ಣು ಹಿಡಿದು ಹೊರಟರೆ ಸಾಕು. ಯಾವ ಕೆರೆ, ಯಾವ ಹೊಂಡ, ಎಷ್ಟು ಆಳದಲ್ಲಿ ಸಿಕ್ಕಿತು, ಕಿರೀಟದಲ್ಲಿ ಐದು ಕೋಶವೋ ಹತ್ತೋ ಎಂದು ಬರೆದಿಟ್ಟು, ಗಿಡವನ್ನು ಕಾಗದದ ಮೇಲೆ ಒತ್ತಿ ಒಣಗಿಸಿ ಕಾಲೇಜಿನ ಹರ್ಬೇರಿಯಂ ಕಪಾಟಿಗೆ ಸೇರಿಸಬಹುದು. ಐದಾರು ವರ್ಷ ಅದೇ ಕೆರೆಗಳಿಗೆ ಮರಳಿ ಹೋದರೆ, ಗೋದಾವರಿಗೆ ಇಳಿಯುವ ನೀರು ಎಲ್ಲಿ ಕೆಡುತ್ತಿದೆ, ಕೃಷ್ಣೆಗೆ ಇಳಿಯುವುದು ಎಲ್ಲಿ ತಿಳಿಯಾಗಿದೆ ಎಂದು ತಾಲ್ಲೂಕಿನ ನಕ್ಷೆಯ ಮೇಲೆ ಗುರುತು ಹಾಕಬಹುದು.